ಇಂದಿನ ಧಮ್ಮಚಿಂತನೆ: ನಾನು ಎಸೆದ ಹೆಂಟೆ

 

ಕಳೆದ ಜನವರಿಯಲ್ಲಿ ಏಳನೇ ತರಗತಿಯ ಮಕ್ಕಳನ್ನು ನಮ್ಮ ಕೊರವಂಗಲದ ಕೆರೆಯ ಬಳಿಗೆ ಕರೆದುಕೊಂಡು ಹೋಗಿದ್ದೆ. ಕೆಸರಿನಲ್ಲಿ ಗದ್ದೆಗೊರವಗಳು ಮೇಯುತ್ತಿದ್ದವು. ಏರಿಯ ಕಲ್ಲಿನ ಮೇಲೆ ಕುಂಡೆಕುಸ್ಕ ಬಾಲ ಕುಣಿಸುತ್ತಿತ್ತು. (ಆ ಹೆಸರು ಹೇಳಿದ್ದೇ ತಡ, ಮಕ್ಕಳ ನಗು ನಿಲ್ಲಲಿಲ್ಲ.) ಹಾರುವಾಗ ಚೆಂದ ಕಾಣುತ್ತವೆ ಎಂದು ನಾನೇ ಒಂದು ಹೆಂಟೆ ಎಸೆದೆ. ಎಲ್ಲವೂ ಎದ್ದವು. ಮೊಬೈಲಿನಲ್ಲಿ ವಿಡಿಯೊ ಚೆನ್ನಾಗಿಯೇ ಬಂತು.

ಮಾರನೆಯ ದಿನ ಮಕ್ಕಳು ತಾವೇ ಹೋಗಿ ಕಲ್ಲು ಬೀರುತ್ತಿದ್ದರು. ಗದರಿದರೆ ಒಬ್ಬ, "ನೀವೇ ಎಬ್ಬಿಸಿದ್ರಲ್ಲ ಸಾರ್" ಅಂದ.

ಕೊಲ್ಲಲಿಲ್ಲ, ಹಾಗಾಗಿ ಮೊದಲ ಶೀಲ ಮುರಿಯಲಿಲ್ಲ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಹಕ್ಕಿಯ ಲೆಕ್ಕ ಬೇರೆ. ಗದ್ದೆಗೊರವ ಮರಿ ಮಾಡುವುದು ಸೈಬೀರಿಯಾದಂಥ ಉತ್ತರದ ಜೌಗುಗಳಲ್ಲಿ. ಬೇಸಿಗೆ ಏರುವ ಹೊತ್ತಿಗೆ ಅದು ವಾಪಸು ಹೊರಡಬೇಕು, ಸಾವಿರಾರು ಕಿಲೋಮೀಟರ್. ದಾರಿಯ ಬುತ್ತಿ ಎಂದರೆ ಇಲ್ಲಿ ಮೇಯ್ದು ಮೈಯಲ್ಲಿ ಕಟ್ಟಿಕೊಂಡ ಕೊಬ್ಬು. ಬೆದರಿಸಿ ಎಬ್ಬಿಸಿದಾಗಲೆಲ್ಲ ಮೇಯುವ ಹೊತ್ತೂ ಹೋಯಿತು, ಬುತ್ತಿಯೂ ಕರಗಿತು. ಗದಗ ಜಿಲ್ಲೆಯ ಮಾಗಡಿ ಕೆರೆಗೆ, ನಂಜನಗೂಡಿನ ಕಡೆಯ ಹದಿನಾರು ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯವನ್ನೇ ದಾಟಬೇಕು. ಅವು 7,000 ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿದೆ. ಮಾಗಡಿಯಲ್ಲಿ ಅವು ಹೊಲಕ್ಕಿಳಿದು ಮೇಯ್ದರೂ ರೈತರು ಸಹಿಸಿಕೊಂಡು ಬಂದಿದ್ದಾರೆ. 2024ರಲ್ಲಿ ಆ ಕೆರೆ ರಾಮ್ಸಾರ್ ಪಟ್ಟಿಗೆ ಸೇರಿತು. ನಾನೋ, ಒಂದು ವಿಡಿಯೊಗಾಗಿ ಹೆಂಟೆ ಎಸೆದವನು.

ವರ್ಷಾವಾಸದ ನಿಯಮ ಹುಟ್ಟಿದ ಪ್ರಸಂಗ ಮಹಾವಗ್ಗದಲ್ಲಿದೆ. ಭಿಕ್ಖುಗಳು ಮಳೆಗಾಲದಲ್ಲೂ ಅಲೆಯುತ್ತ ಹಸಿರನ್ನೂ ಸಣ್ಣಪುಟ್ಟ ಜೀವಗಳನ್ನೂ ತುಳಿಯುತ್ತಿದ್ದರು. ಹಕ್ಕಿಗಳು ಕೂಡ ಮರದ ತುದಿಯಲ್ಲಿ ಗೂಡು ಕಟ್ಟಿ ಮಳೆಗಾಲ ಕಳೆಯುತ್ತವೆ, ಇವರಿಗೇನು ಎಂದು ಜನ ಆಡಿಕೊಂಡರು. ತುಳಿದವರಿಗೆ ಕೊಲ್ಲುವ ಮನಸ್ಸಿರಲಿಲ್ಲ. ಆದರೂ ಬುದ್ಧರು ಆ ದೂರನ್ನು ತಳ್ಳಿಹಾಕಲಿಲ್ಲ. ಭಿಕ್ಖುಗಳು ಮಳೆಗಾಲದಲ್ಲಿ ಒಂದೆಡೆ ನಿಲ್ಲಬೇಕೆಂದರು. ನನಗೆ ಆ ದೂರು ಏಳನೇ ತರಗತಿಯ ಹುಡುಗನ ಬಾಯಲ್ಲಿ ಬಂತು.

ತಪ್ಪು ನನ್ನದೇ ಎಂದು ತರಗತಿಯಲ್ಲಿ ಹೇಳಿದೆ. ಆಮೇಲೆ ಶನಿವಾರದ ಬೆಳಿಗ್ಗೆ ಏರಿಯ ಮೇಲೆ, ನೀರಿನಿಂದ ದೂರವೇ ಕೂತು ನೋಡತೊಡಗಿದೆವು. ಯಾವ ಹಕ್ಕಿ ಎಷ್ಟಿತ್ತು ಎಂದು ಮಕ್ಕಳೇ ನೋಟ್‌ಬುಕ್ಕಿನಲ್ಲಿ ಬರೆದರು. ಏಪ್ರಿಲ್‌ ರಜೆಗೆ ಮುಂಚಿನ ಕೊನೆಯ ಸಾಲು ಆ ಹುಡುಗನದೇ: "ಗೊರವ ಇಲ್ಲ. ಹೋಗಿವೆ."

ವರ್ಷಾವಾಸ ಮುಗಿಯುವ ಹೊತ್ತಿಗೆ ಅವು ಮತ್ತೆ ಬರುತ್ತವೆ. ನಿಮ್ಮೂರ ಕೆರೆಯ ದಂಡೆಯಲ್ಲಿ ಹರಿದ ಮೀನುಬಲೆ ಬಿದ್ದಿದ್ದರೆ ಅಷ್ಟರೊಳಗೆ ಎತ್ತಿ ಹಾಕಿ. ಕಾಲು ಸಿಕ್ಕಿಕೊಂಡರೆ ಹಕ್ಕಿ ಬಿಡಿಸಿಕೊಳ್ಳಲಾರದು.

ಭವತು ಸಬ್ಬ ಮಂಗಲಂ.