ಹೊಸ ಬೈಕಿನ ಮೊದಲ ಸರ್ವಿಸ್: ಕಿಲೋಮೀಟರ್ ಜೊತೆ ದಿನಾನೂ ಲೆಕ್ಕ ಹಾಕಿ



ಬೆಳೆ ಮಾರಿದ ದುಡ್ಡಲ್ಲಿ ಹೊಸ ಬೈಕ್ ಮನೆಗೆ ಬಂದ್ರೆ ಅದರ ಖುಷಿನೇ ಬೇರೆ. ಪೂಜೆ ಮಾಡಿಸಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಓಡಿಸೋಕೆ ಶುರು ಮಾಡ್ತೀವಿ. ಮೊದಲ ಸರ್ವಿಸ್ ವಿಷಯ ಮಾತ್ರ ಮರೆತೇ ಹೋಗುತ್ತೆ.

ನಮಗೆ ಗೊತ್ತಿರೋ ಒಬ್ಬ ಹುಡುಗನ ಕಥೆ ಕೇಳಿ. ಮನೆಯಿಂದ ಡೈರಿ, ಡೈರಿಯಿಂದ ತೋಟ, ದಿನಕ್ಕೆ 5 ಕಿ.ಮೀ. ಓಡಾಟ. ಮೂರು ತಿಂಗಳಾದ್ರೂ ಮೀಟರ್‌ನಲ್ಲಿ 450 ದಾಟಿರಲಿಲ್ಲ. "500 ಆಗ್ಲಿ, ಆಮೇಲೆ ಹೋಗೋಣ" ಅಂತ ಕಾದ. ಶೋರೂಮಿಗೆ ಹೋದಾಗ ಉಚಿತ ಸರ್ವಿಸ್ ಕೂಪನ್ನಿನ ಅವಧಿ ಮುಗಿದಿತ್ತು. ಕೂಲಿ ಕೈಯಿಂದ ಕಟ್ಟಬೇಕಾಯ್ತು. ಜೊತೆಗೆ ಮುಂದೆ ವಾರಂಟಿ ಸಿಗುತ್ತೋ ಇಲ್ಲವೋ ಅನ್ನೋ ಚಿಂತೆ ಬೇರೆ.

ಯಾವಾಗ ಮಾಡಿಸಬೇಕು?

ಸಾಮಾನ್ಯ ಬೈಕ್‌ಗಳಿಗೆ ಮೊದಲ ಸರ್ವಿಸ್ 500ರಿಂದ 750 ಕಿ.ಮೀ. ಒಳಗೆ ಇರುತ್ತೆ. ಕೆಲವಕ್ಕೆ 1000 ಕಿ.ಮೀ. ತನಕ. ಇದರ ಜೊತೆ ದಿನದ ಮಿತಿಯೂ ಇರುತ್ತೆ. ಕೆಲವಕ್ಕೆ ಒಂದು ತಿಂಗಳು, ಕೆಲವಕ್ಕೆ ಎರಡು ತಿಂಗಳು. ಎರಡರಲ್ಲಿ ಯಾವುದು ಮೊದಲು ಬರುತ್ತೋ ಅದೇ ಲೆಕ್ಕ. ನಿಮ್ಮ ಬೈಕಿನ ಮಿತಿ ಎಷ್ಟು ಅಂತ ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲೇ ನೋಡಿ. ಆ ಪುಟದ ಫೋಟೋ ತೆಗೆದಿಟ್ಟುಕೊಳ್ಳಿ. ಕೊನೇ ದಿನಕ್ಕೆ ಒಂದು ವಾರ ಮುಂಚೆ ಮೊಬೈಲ್‌ನಲ್ಲಿ ರಿಮೈಂಡರ್ ಇಡಿ. ಬಿತ್ತನೆ ಅಥವಾ ಕೊಯ್ಲು ಹತ್ತಿರ ಇದ್ರೆ ಇನ್ನೂ ಮೊದಲೇ ಫೋನ್ ಮಾಡಿ ದಿನ ಗೊತ್ತು ಮಾಡಿಕೊಳ್ಳಿ.

ಇಷ್ಟು ಬೇಗ ಯಾಕೆ?

ಹೊಸ ಎಂಜಿನ್‌ನಲ್ಲಿ ಪಿಸ್ಟನ್ ರಿಂಗ್, ಗೇರ್ ಒಂದಕ್ಕೊಂದು ಉಜ್ಜಿ ಹೊಂದಿಕೊಳ್ತವೆ. ಆಗ ಸಣ್ಣ ಲೋಹದ ಕಣಗಳು ಆಯಿಲ್‌ಗೆ ಸೇರ್ತವೆ. ಅದನ್ನ ಬದಲಿಸೋದೇ ಈ ಸರ್ವಿಸಿನ ಮುಖ್ಯ ಕೆಲಸ. ಹತ್ತಿರ ಹತ್ತಿರ ಓಡಾಡೋ ಗಾಡಿ ಸರಿಯಾಗಿ ಬಿಸಿಯಾಗಲ್ಲ, ಹಾಗಾಗಿ ತೇವ ಆಯಿಲ್‌ನಲ್ಲೇ ಉಳಿಯುತ್ತೆ. ಕಡಿಮೆ ಓಡಿದೆ ಅಂದ್ರೆ ಆಯಿಲ್ ಚೆನ್ನಾಗಿದೆ ಅಂತ ಅರ್ಥ ಅಲ್ಲ.

ಅಲ್ಲಿಯವರೆಗೆ ಹೇಗೆ ಓಡಿಸಬೇಕು?

- ಸ್ಟಾರ್ಟ್ ಮಾಡಿದ ತಕ್ಷಣ ಜೋರಾಗಿ ರೇಸ್ ಮಾಡಬೇಡಿ.
- ಪುಸ್ತಕದಲ್ಲಿ ಹೇಳಿದ ವೇಗ ದಾಟಬೇಡಿ. ತುಂಬಾ ಹೊತ್ತು ಒಂದೇ ವೇಗದಲ್ಲೂ ಓಡಿಸಬೇಡಿ.
- ಭಾರ ಹೇರಬೇಡಿ. ಯೂರಿಯಾ ಚೀಲ ಒಂದಕ್ಕೆ 45 ಕೆ.ಜಿ. ಎರಡು ಚೀಲ ಹಾಕಿಕೊಂಡು ನೀವೂ ಕೂತು ಏರು ಹತ್ತಿಸಿದ್ರೆ ಹೊಸ ಎಂಜಿನ್‌ಗೆ ಕಷ್ಟ. ಗೊಬ್ಬರ ತರೋಕೆ ಸ್ವಲ್ಪ ದಿನ ಬೇರೆ ಗಾಡಿ ನೋಡಿ.

ಸರ್ವಿಸ್ ದಿನ

ಮೊದಲ ಸರ್ವಿಸ್ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್‌ನಲ್ಲೇ ಮಾಡಿಸಿ. ಊರಿನ ಮೆಕ್ಯಾನಿಕ್ ಕೆಲಸ ಚೆನ್ನಾಗಿ ಮಾಡಬಹುದು, ಆದರೆ ವಾರಂಟಿಗೆ ದಾಖಲೆ ಬೇಕು. ಉಚಿತ ಅಂದ್ರೆ ಸಾಮಾನ್ಯವಾಗಿ ಕೂಲಿ ಮಾತ್ರ ಉಚಿತ. ಆಯಿಲ್ ದುಡ್ಡು ನೀವೇ ಕೊಡಬೇಕು. ಖರ್ಚು ಎಷ್ಟಾಗುತ್ತೆ ಅಂತ ಮೊದಲೇ ಕೇಳಿ.

ಗಾಡಿ ಬಿಡುವಾಗ ಈ ಕೆಲಸಗಳನ್ನ ಜಾಬ್ ಕಾರ್ಡ್‌ನಲ್ಲಿ ಬರೆಸಿ:

1. ಎಂಜಿನ್ ಆಯಿಲ್ ಬದಲಾವಣೆ
2. ಚೈನ್ ಬಿಗಿ ಮತ್ತು ಗ್ರೀಸ್ ಅಥವಾ ಲೂಬ್
3. ಬ್ರೇಕ್, ಕ್ಲಚ್ ಸರಿಪಡಿಸೋದು
4. ನಟ್ಟು ಬೋಲ್ಟು ಬಿಗಿ ಮಾಡೋದು (ತೋಟದ ದಾರಿಯ ಕುಲುಕಾಟಕ್ಕೆ ಬೇಗ ಸಡಿಲ ಆಗ್ತವೆ)
5. ಏರ್ ಫಿಲ್ಟರ್‌ನಲ್ಲಿ ಧೂಳು ಇದೆಯಾ ನೋಡೋದು
6. ಟೈರ್ ಗಾಳಿ, ಬ್ಯಾಟರಿ, ಲೈಟು, ಹಾರ್ನ್

ನಿಮಗೆ ಕೇಳಿಸಿದ ಶಬ್ದ, ಗೇರ್ ಗಟ್ಟಿ ಅನ್ನೋ ಥರದ ದೂರು ಇದ್ರೆ ಅದನ್ನೂ ಬರೆಸಿ. ಬಾಯಲ್ಲಿ ಹೇಳಿದ್ದು ಮರೆತು ಹೋಗುತ್ತೆ.

ಹೊರಡೋ ಮುಂಚೆ

ಆಯಿಲ್ ಮಟ್ಟ ನೋಡಿ. ಒಂದು ಸುತ್ತು ಓಡಿಸಿ ಬ್ರೇಕ್ ಪರೀಕ್ಷಿಸಿ. ಪುಸ್ತಕದಲ್ಲಿ ಸೀಲು, ತಾರೀಖು, ಕಿಲೋಮೀಟರ್ ಹಾಕಿಸಿ, ಬಿಲ್ ಜೊತೆ ಫೋಟೋ ತೆಗೆದಿಡಿ. ಮಾರನೇ ದಿನ ಬೆಳಿಗ್ಗೆ ಗಾಡಿ ಕೆಳಗೆ ಆಯಿಲ್ ಸೋರಿದೆಯಾ ಅಂತ ನೋಡಿ.

ಮೊದಲ ಕಳೆ ಸಮಯಕ್ಕೆ ತೆಗೆದ್ರೆ ಬೆಳೆ ಏಳುತ್ತೆ ಅನ್ನೋದು ನಿಮಗೆ ಗೊತ್ತಿರೋದೇ. ಗಾಡಿ ವಿಷಯಾನೂ ಹಾಗೇ. ಈಗಲೇ ಪುಸ್ತಕ ತೆಗೆದು ನಿಮ್ಮ ಕೊನೇ ದಿನ ಯಾವುದು ಅಂತ ನೋಡಿ.