ಮಾವಿನ ಸುಗ್ಗಿಯಲ್ಲಿ ಒಂದು ಪರೀಕ್ಷೆ

ಕೋಲಾರದ ಬಸ್ ನಿಲ್ದಾಣದ ಆಸುಪಾಸಿನ ಮಹಡಿಗಳಲ್ಲಿ ಹಲಗೆ ತೂಗುಹಾಕಿಕೊಂಡು ಕಂಪ್ಯೂಟರ್ ವಿದ್ಯೆಯನ್ನು ಬೋಧಿಸುವವರ ಪೈಕಿ ಒಬ್ಬರು, ಜಾಲತಾಣಕ್ಕೆ ಬಂದುಹೋಗುವವರ ಲೆಕ್ಕವಿಡುವ ಗೂಗಲ್ ಅನಲಿಟಿಕ್ಸ್ ಎಂಬುದರ ಪರೀಕ್ಷೆಯ ವಿಷಯವಾಗಿ ನನಗೆ ಹೇಳಿದ ಮೊದಲ ಮಾತೆಂದರೆ, ಅದು ಬಲು ಕಠಿನವೆಂದೂ ತಮ್ಮಲ್ಲಿ ಹಣ ಕಟ್ಟದೆ ಅದನ್ನು ಗೆದ್ದವರು ಈ ಜಿಲ್ಲೆಯಲ್ಲಿಯೇ ಇಲ್ಲವೆಂದೂ. ಆ ಮಾತಿಗೆ ತೆತ್ತ ಹಣವನ್ನು ನೆನೆದರೆ ನನಗೆ ಇಂದಿಗೂ ಹೊಟ್ಟೆ ಉರಿಯುತ್ತದೆ. ಪರೀಕ್ಷೆಗೆ ಶುಲ್ಕವೇ ಇಲ್ಲ. ಅದಕ್ಕೆ ಬೇಕಾದ ಪಾಠಗಳೂ ಗೂಗಲ್ ಸಂಸ್ಥೆಯವರ ಸ್ಕಿಲ್‌ಶಾಪ್ ಎಂಬ ತಾಣದಲ್ಲಿ ಬಿಟ್ಟಿಯಾಗಿ ದೊರೆಯುತ್ತವೆ. 50 ಪ್ರಶ್ನೆ, 75 ನಿಮಿಷ, ನೂರಕ್ಕೆ 80 ಬಂದರೆ ತೇರ್ಗಡೆ, ಕಟ್ಟಳೆ ಇಷ್ಟೇ. ಇದನ್ನು ಹೇಳುವುದಕ್ಕೆ ಗುರುಗಳೆನಿಸಿಕೊಂಡವರು ಬೇಕಾಗಿರಲಿಲ್ಲ, ಹೇಳದೆ ಮುಚ್ಚಿಡುವುದಕ್ಕೆ ಮಾತ್ರ ಬೇಕಾಗಿದ್ದರು.

ಮಾಲೂರಿನ ಹಂಚಿನ ಕಾರ್ಖಾನೆಯೊಂದರಲ್ಲಿ ಬಹುಕಾಲ ಲೆಕ್ಕ ಬರೆದು, ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಶ್ರೀನಿವಾಸಪುರದ ನನ್ನ ಭಾವಮೈದನ ಮಾವಿನ ವ್ಯಾಪಾರಕ್ಕೆ ಬಂದು ಸೇರಿದವನು ನಾನು. ಅಲ್ಲಿಯ ತೋತಾಪುರಿ ಲಾರಿಗಟ್ಟಲೆ ಚಿತ್ತೂರಿನ ಕಡೆಯ ತಿರುಳಿನ ಕಾರ್ಖಾನೆಗಳಿಗೆ ಹೋಗುವುದು ಎಲ್ಲರಿಗೂ ತಿಳಿದದ್ದೇ. ಬಾದಾಮಿ, ರಸಪುರಿ, ಮಲ್ಲಿಕಾಗಳನ್ನಾದರೂ ದಲ್ಲಾಳಿಯ ಕೈಗೆ ಕೊಡದೆ ಬೆಂಗಳೂರಿನ ಮನೆಗಳಿಗೆ ನೇರವಾಗಿ ತಲುಪಿಸೋಣವೆಂದು ಅವನು ಒಂದು ಜಾಲತಾಣವನ್ನು ಮಾಡಿಸಿದ್ದನು. ಮಾಡಿದವನು ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಅವನ ಮಗ. ತಂದೆಮಕ್ಕಳಿಬ್ಬರೂ ಮೊಬೈಲನ್ನು ನನ್ನ ಮುಖದ ಮುಂದೆ ಹಿಡಿದು, "ಹತ್ತು ಸಾವಿರ ಜನ ನೋಡವ್ರೆ ಭಾವ" ಎಂದು ಹಿಗ್ಗುತ್ತಿದ್ದರೆ, ನಾನು ಆರ್ಡರ್ ಪುಸ್ತಕವನ್ನು ತೆಗೆದು, ನೋಡಿದವರ ಮಾತು ಹಾಗಿರಲಿ, ಕೊಂಡವರು ಯಾರು, ಎಲ್ಲಿಂದ ಬಂದವರು ಎಂದು ಕೇಳುತ್ತಿದ್ದೆನು. "ಮಾವ, ಇದೆಲ್ಲ ನಿಮಗೆ ಅರ್ಥ ಆಗಲ್ಲ ಬಿಡಿ" ಎಂಬುದು ಹುಡುಗನ ಉತ್ತರ. ಕಾಸಿಗೆ ಕಾಸು ತಾಳೆ ನೋಡುತ್ತ ತಲೆ ನರೆತವನಿಗೆ, ಅಂಕೆಗಳು ಅರ್ಥವಾಗುವುದಿಲ್ಲವೆಂದು ಒಬ್ಬ ಹುಡುಗ ಹೇಳುವುದೆಂದರೇನು? ಪರೀಕ್ಷೆಗೆ ಕೂಡುವ ಸಂಕಲ್ಪ ಹುಟ್ಟಿದ್ದು ಅಂದೇ.

ಆ ತರಬೇತಿ ಕೇಂದ್ರದಲ್ಲಿ ಕಲಿಸಿದ್ದನ್ನು ಹೇಳದೆ ಬಿಟ್ಟರೆ ಮುಂದಿನ ಕಥೆ ತಿಳಿಯದು. ಅರ್ಚಿನ್ ಎಂಬ ಕಂಪನಿಯನ್ನು ಗೂಗಲಿನವರು 2005ರಲ್ಲಿ ಕೊಂಡುಕೊಂಡ ವೃತ್ತಾಂತಕ್ಕೇ ಮೊದಲ ತರಗತಿ ಮುಗಿಯಿತು. ಬಳಿಕ ನೆರಳಚ್ಚು ಮಾಡಿಸಿದ ಪ್ರಶ್ನೋತ್ತರಗಳ ಕಟ್ಟೊಂದನ್ನು ಕೈಗಿತ್ತು, ಇದನ್ನು ಬಾಯಿಪಾಠ ಮಾಡಿದರೆ ಸಾಕೆಂದು ಅಭಯವಿತ್ತರು. ಒಂದು ಪ್ರಾಪರ್ಟಿಗೆ 25 ವ್ಯೂಗಳು, ಒಂದು ವ್ಯೂಗೆ 20 ಗೋಲುಗಳು, ಒಂದೇ ಪುಟವನ್ನು ನೋಡಿ ಹಿಂದಿರುಗಿದವನು ಬೌನ್ಸ್, ಎಂದು ಮುಂತಾಗಿ ಅದರಲ್ಲಿದ್ದುದನ್ನೆಲ್ಲ ನಾನು ಶ್ರೀನಿವಾಸಪುರದ ಬಸ್ಸಿನಲ್ಲಿ ಕುಳಿತು ಪಠಿಸಿದೆನು. ಅದಷ್ಟೂ ಯೂನಿವರ್ಸಲ್ ಅನಲಿಟಿಕ್ಸ್ ಎಂಬ ಹಳೆಯ ಪದ್ಧತಿಯ ಶಾಸ್ತ್ರ. ಅದರ ಸ್ಥಾನಕ್ಕೆ ಜಿಎ4 ಎಂಬ ಹೊಸ ಪದ್ಧತಿ ಬಂದುದು 2020ರ ಅಕ್ಟೋಬರಿನಲ್ಲಿ. ಹಳೆಯದು 2023ರ ಜುಲೈ 1ಕ್ಕೆ ಲೆಕ್ಕ ಹಿಡಿಯುವುದನ್ನೇ ನಿಲ್ಲಿಸುವುದೆಂದು ಒಂದು ವರ್ಷಕ್ಕೂ ಮೊದಲೇ ಪ್ರಕಟವಾಗಿದ್ದಿತು. ನನಗೆ ಆ ಕಟ್ಟನ್ನು ಮಾರಿದ್ದು 2023ರ ಬೇಸಗೆಯಲ್ಲಿ.

ನಾನು ಪರೀಕ್ಷೆಗೆ ಕುಳಿತದ್ದು ಆ ಸುಗ್ಗಿಯ ನಡುವೆ, ಭಾವಮೈದನ ಮಂಡಿಯ ಹಿಂಬದಿಯ ಕೊಠಡಿಯಲ್ಲಿ; ಏಕೆಂದರೆ ಇಂಟರ್ನೆಟ್ ಸಂಪರ್ಕ ಸರಿಯಾಗಿದ್ದ ಜಾಗ ಅದೊಂದೇ. ಮಧ್ಯಾಹ್ನದ ಹೊತ್ತಿಗೆ ಗಲಾಟೆ ಇರದೆಂದು ಅವನೇ ಮಾತು ಕೊಟ್ಟಿದ್ದನು. ಮೊದಲ ಪ್ರಶ್ನೆಯನ್ನು ತೆರೆಯುತ್ತಿದ್ದಂತೆಯೇ ಹೊರಗೆ ಲಾರಿ ಬಂದು ನಿಂತಿತು. ಹಮಾಲಿಗಳು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಎಣಿಕೆ ಕೂಗುತ್ತ ಕ್ರೇಟುಗಳನ್ನು ಏರಿಸತೊಡಗಿದರು. ಅದನ್ನು ಸಹಿಸಬಹುದಾಗಿತ್ತು. ಸಹಿಸಲಾಗದಿದ್ದುದು ಪ್ರಶ್ನೆಗಳ ಧಾಟಿ. ನನ್ನ ಬಾಯಲ್ಲಿ ಸಿದ್ಧವಾಗಿದ್ದ ಇಪ್ಪತ್ತು, ಇಪ್ಪತ್ತೈದುಗಳನ್ನು ಕೇಳುವವರೇ ಇಲ್ಲ. ವ್ಯೂ ಎಂಬ ಪದವೇ ಎಲ್ಲಿಯೂ ಕಾಣದು. ಒಂದು ಕಂಪನಿಗೆ ಇಂಥ ಸಂಗತಿ ತಿಳಿಯಬೇಕಾಗಿದೆ, ಅದು ಯಾವ ವರದಿಯನ್ನು ನೋಡಬೇಕು; ಒಬ್ಬ ವ್ಯಾಪಾರಿಗೆ ಇಂಥ ತೊಡಕು ಬಂದಿದೆ, ಅವನು ಯಾವ ಏರ್ಪಾಟನ್ನು ಬದಲಿಸಬೇಕು; ಹೀಗೆಯೇ ಒಂದರ ಮೇಲೊಂದು. ಓದಿ ಓದಿ ಅರ್ಥ ಮಾಡಿಕೊಳ್ಳುವಷ್ಟರಲ್ಲಿ ತೆರೆಯ ಮೂಲೆಯ ಗಡಿಯಾರ ಇಳಿಯುತ್ತಲೇ ಇತ್ತು. ಒಮ್ಮೆ ಪ್ರಾರಂಭಿಸಿದ ಮೇಲೆ ಅದನ್ನು ತಡೆದು ನಿಲ್ಲಿಸುವ ಉಪಾಯವಿಲ್ಲ.

ಅರ್ಧ ದಾರಿಯಲ್ಲಿ ಪೂರ್ವದ ಕಡೆಯಿಂದ ಗಾಳಿಯೆದ್ದು ಮಳೆ ಹನಿಯಿತು. ನಮ್ಮ ಸೀಮೆಯಲ್ಲಿ ಮಳೆ ಹನಿಯಿತೆಂದರೆ ಕರೆಂಟು ಹೋಯಿತೆಂದೇ ಅರ್ಥ. ಯುಪಿಎಸ್ ಪೆಟ್ಟಿಗೆ ಕಿರ್ರೆಂದು ಕೂಗಿಕೊಂಡು ಸುಮ್ಮನಾಯಿತು. ಗೋಡೆಯ ಮೇಲಣ ವೈಫೈ ದೀಪ ಆರಿತು. ನಡುಗುವ ಕೈಯಿಂದ ಮೊಬೈಲಿನ ಹಾಟ್‌ಸ್ಪಾಟನ್ನು ಹಚ್ಚಿ, ಪುಟ ಮತ್ತೆ ತೆರೆದುಕೊಳ್ಳುವುದನ್ನೇ ಕಾಯುತ್ತ ಉಸಿರು ಬಿಗಿಹಿಡಿದು ಕುಳಿತಿದ್ದಾಗ ಬಾಗಿಲು ತಳ್ಳಿಕೊಂಡು ಬಂದವನು ಭಾವಮೈದ. "ಭಾವ, ಆ ತೂಕದ ಚೀಟಿ ಎಲ್ಲಿಕ್ಕಿದೀರಾ? ಡ್ರೈವರು ಬಯ್ತಾವ್ನೆ." ಚೀಟಿ ಅವನ ಅಂಗಿಯ ಜೇಬಿನಿಂದಲೇ ಇಣುಕುತ್ತಿತ್ತು. ನಾನು ಮಾತನಾಡದೆ ಬೆರಳು ತೋರಿಸಿದೆನು. ಅವನು ಅದನ್ನು ತೆಗೆದು ನೋಡಿ, ನಕ್ಕು, ಹೋಗದೆ ನನ್ನ ಹೆಗಲ ಮೇಲಿನಿಂದ ಬಾಗಿ, "ಇನ್ನೂ ಮುಗೀಲಿಲ್ವ?" ಎಂದು ಕೇಳಿ, ಉಳಿದ ನಿಮಿಷಗಳನ್ನು ಗಟ್ಟಿಯಾಗಿ ಓದಿ ಹೇಳಿದನು. ನನ್ನ ಹೆಂಡತಿಯ ತಮ್ಮನೆಂಬ ಒಂದೇ ಕಾರಣದಿಂದ ಅಂದು ಅವನು ಉಳಿದನು. ಮಿಕ್ಕ ಪ್ರಶ್ನೆಗಳಿಗೆ ಆ ಕಟ್ಟಿನ ನೆನಪನ್ನೇ ನೆಚ್ಚಿ ಉತ್ತರ ಗುರುತಿಸಿ ಮುಗಿಸಿದೆನು. ತತ್‌ಕ್ಷಣವೇ ಫಲಿತಾಂಶವೂ ಬಂದಿತು, ಎಂಬತ್ತಕ್ಕೆ ಬಹಳ ಕೆಳಗೆ. ಸಂಜೆಗೆ ಬೆಂಗಳೂರಿನಿಂದ ಹುಡುಗನ ಫೋನು ಬಂದುದನ್ನೂ, ಅವನು ತೋರಿಸಿದ ಅನುಕಂಪವನ್ನೂ ಇಲ್ಲಿ ವರ್ಣಿಸಲಾರೆ.

ಕೋಲಾರಕ್ಕೆ ಹೋಗಿ ತರಬೇತಿಯವರನ್ನು ಕೇಳಿದ್ದಕ್ಕೆ, "ಬೇಸಿಕ್ಸ್ ಎಲ್ಲ ಒಂದೇ ಸಾರ್" ಎಂದರು. ಒಂದೇ ಅಲ್ಲ. ಹಳೆಯ ಪದ್ಧತಿ ಗ್ರಾಹಕನ ಭೇಟಿಗಳನ್ನು ಮೊದಲೇ ಕಟ್ಟುಕಟ್ಟಾಗಿ ವಿಂಗಡಿಸಿದ ಖಾತೆ ಪುಸ್ತಕವಾದರೆ, ಹೊಸದು ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆದುಕೊಂಡು ಹೋಗುವ ದಿನವಹಿ: ಪುಟ ತೆರೆದದ್ದು ಒಂದು ಈವೆಂಟ್, ಕೆಳಗೆ ಜಾರಿಸಿದ್ದು ಒಂದು, ಕೊಂಡದ್ದು ಒಂದು, ವಿವರಗಳು ಪಕ್ಕದಲ್ಲಿ. ಕಾರ್ಖಾನೆಯಲ್ಲಿ ಎರಡನ್ನೂ ಬರೆದಿದ್ದ ನನಗೆ ಇಷ್ಟು ಹೊಳೆದ ಮೇಲೆ, ಆ ಹುಡುಗನಿಗೆ ಹೊಳೆಯದಿದ್ದುದೂ ಹೊಳೆಯತೊಡಗಿತು.

ಬೌನ್ಸ್ ಎಂಬುದನ್ನೇ ನೋಡಿರಿ. ಬೆಂಗಳೂರಿನ ಗೃಹಿಣಿಯೊಬ್ಬರು ನಮ್ಮ ತಾಣದ ಒಂದೇ ಪುಟವನ್ನು ತೆರೆದು, ಬಾದಾಮಿಯ ಬೆಲೆಯನ್ನು ಒಂದು ನಿಮಿಷ ಓದಿ, ಅಲ್ಲಿದ್ದ ನಂಬರನ್ನು ನೋಡಿಕೊಂಡು ಫೋನು ಮಾಡಿ ಎರಡು ಪೆಟ್ಟಿಗೆ ಹೇಳಿದರೆ, ಹಳೆಯ ಲೆಕ್ಕದಲ್ಲಿ ಅವರು ಬಂದು ಹಿಂದಿರುಗಿದ ನಿಷ್ಪ್ರಯೋಜಕರು. ಹೊಸ ಲೆಕ್ಕದಲ್ಲಿ ಭೇಟಿ 10 ಸೆಕೆಂಡಿಗಿಂತ ಹೆಚ್ಚು ನಡೆದರೆ, ಇಲ್ಲವೆ ಎರಡು ಪುಟ ನೋಡಿದರೆ, ಇಲ್ಲವೆ ನಾವು ಮುಖ್ಯವೆಂದು ಗೊತ್ತುಮಾಡಿದ ಕಾರ್ಯವೊಂದು ನಡೆದರೆ, ಅದು ಎಂಗೇಜ್ಡ್ ಸೆಷನ್. ಈ ಮೂರರಲ್ಲಿ ಒಂದೂ ಇಲ್ಲದ್ದೇ ಬೌನ್ಸ್. ಇನ್ನೊಂದು, ವಾಟ್ಸಾಪಿನ ಮಾತು. ನಮ್ಮ ವ್ಯಾಪಾರವೆಲ್ಲ ಅಪಾರ್ಟ್‌ಮೆಂಟುಗಳ ಗುಂಪುಗಳಿಂದ ಬರುವುದು. ವರದಿಯಲ್ಲಿ ಮಾತ್ರ ಬಹುಪಾಲು 'ಡೈರೆಕ್ಟ್' ಎಂದು ಕಾಣುತ್ತಿತ್ತು. ಲಿಂಕಿನ ಬಾಲಕ್ಕೆ ಯುಟಿಎಂ ಎಂಬ ಗುರುತನ್ನು ಸೇರಿಸದಿದ್ದರೆ ಅದು ಹಾಗೆಯೇ ಕಾಣುವುದು. ಹುಡುಗ ಕೆಲವು ಲಿಂಕುಗಳಿಗೆ ಮಾತ್ರ ಸೇರಿಸಿದ್ದನು, ಅದೂ ಒಂದು ದಿನ ದೊಡ್ಡಕ್ಷರದಿಂದ, ಒಂದು ದಿನ ಚಿಕ್ಕಕ್ಷರದಿಂದ. ಅಕ್ಷರದ ಗಾತ್ರ ಬೇರೆಯಾದರೆ ಯಂತ್ರದ ಪಾಲಿಗೆ ಆಸಾಮಿಯೇ ಬೇರೆ, ಹಾಗಾಗಿ ಒಂದೇ ವಾಟ್ಸಾಪು ಎರಡು ಸಾಲಾಗಿ ಒಡೆದು ಕುಳಿತಿತ್ತು.

ಎಲ್ಲಕ್ಕಿಂತ ಮುಖ್ಯವಾದದ್ದು ದತ್ತಾಂಶವನ್ನು ಕಾದಿರಿಸುವ ಅವಧಿ. ಎಕ್ಸ್‌ಪ್ಲೊರೇಷನ್ ಎಂಬ ವಿಭಾಗದಲ್ಲಿ ಒಳಹೊಕ್ಕು ಪರಿಶೀಲಿಸಬೇಕಾದ ವಿವರಗಳು, ನಾವಾಗಿ ಬದಲಿಸದ ಹೊರತು, 2 ತಿಂಗಳಿಗೆ ಅಳಿದುಹೋಗುತ್ತವೆ; ಬದಲಿಸಿದರೆ 14 ತಿಂಗಳು ಉಳಿಯುತ್ತವೆ. ಸಾಮಾನ್ಯ ವರದಿಗಳಿಗೆ ಈ ಬಾಧೆಯಿಲ್ಲ. ವರ್ಷವಿಡೀ ಸೋಪು ಮಾರುವವನಿಗೆ ಇದು ದೊಡ್ಡ ವಿಷಯವಲ್ಲದಿರಬಹುದು. ಎರಡು ಮೂರು ತಿಂಗಳು ಮಾರಿ ಮಿಕ್ಕ ತಿಂಗಳು ಮರ ನೋಡಿಕೊಂಡು ಕೂರುವ ಶ್ರೀನಿವಾಸಪುರದವನಿಗೆ, ಈ ಜೂನಿನಲ್ಲಿ ಕುಳಿತು ಹೋದ ವರ್ಷದ ಮೇ ತಿಂಗಳನ್ನು ಹೋಲಿಸಿ ನೋಡುವುದೇ ಸರ್ವಸ್ವ. ನಮ್ಮ ಇಂಜಿನಿಯರು ಅದನ್ನು ಎರಡೇ ತಿಂಗಳಿಗೆ ಬಿಟ್ಟಿದ್ದನು. ಹಿಂದಿನ ಸುಗ್ಗಿಯ ವಿವರಗಳು ಹೋದವು, ಹೋದದ್ದು ಬರುವಂತಿಲ್ಲ. ನನಗೆ ಅರ್ಥವಾಗದೆಂದು ಹೇಳಿದವನು ಈತನೇ.

ಎರಡನೆಯ ಸಲ ಕೂಡುವುದಕ್ಕೆ ಒಂದು ದಿನ ಕಳೆದರೆ ಸಾಕೆಂಬುದು ನಿಯಮ. ನಾನು ಸುಗ್ಗಿ ಮುಗಿಯುವವರೆಗೆ ಕಾದೆನು. ಅಷ್ಟರಲ್ಲಿ ಮಾಡಿದ್ದು ಇಷ್ಟೇ: ಗೂಗಲಿನವರು ತಮ್ಮ ಟೊಪ್ಪಿಗೆ, ಅಂಗಿಗಳ ಅಂಗಡಿಯ ಲೆಕ್ಕವನ್ನು ಡೆಮೊ ಅಕೌಂಟ್ ಎಂಬ ಹೆಸರಿನಲ್ಲಿ ಎಲ್ಲರಿಗೂ ತೆರೆದಿಟ್ಟಿದ್ದಾರೆ, ಪ್ರತಿ ವರದಿಯನ್ನೂ ಅಲ್ಲೊಮ್ಮೆ, ನಮ್ಮ ಮಾವಿನ ತಾಣದಲ್ಲೊಮ್ಮೆ ತೆರೆದು ನೋಡಿದೆನು, ಪಾಠದಲ್ಲಿ 'ಒಂದು ಕಂಪನಿ' ಎಂದು ಬಂದಲ್ಲೆಲ್ಲ ಭಾವಮೈದನ ತೋಟವೆಂದು ಓದಿಕೊಂಡೆನು. ಪರೀಕ್ಷೆಗೆ ಮಂಡಿಯ ಗೊಡವೆ ಬಿಟ್ಟು ಮುಳಬಾಗಿಲಿನ ಮಗಳ ಮನೆಯಲ್ಲಿ, ಮಕ್ಕಳು ಏಳುವ ಮುನ್ನ, ಲ್ಯಾಪ್‌ಟಾಪಿನ ಬ್ಯಾಟರಿ ತುಂಬಿಸಿಕೊಂಡು, ಮೊಬೈಲಿನ ಹಾಟ್‌ಸ್ಪಾಟನ್ನು ಮೊದಲೇ ಹಚ್ಚಿಟ್ಟು ಕುಳಿತೆನು. ತೇರ್ಗಡೆಯಾಯಿತು. ಸಮಯವೂ ಉಳಿಯಿತು. ಪ್ರಮಾಣಪತ್ರವನ್ನು ಅಚ್ಚು ಹಾಕಿಸಿ ಮಂಡಿಯ ಗೋಡೆಗೆ, ತೂಕದ ಯಂತ್ರದ ನೇರಕ್ಕೆ, ಭಾವಮೈದನಿಗೆ ದಿನವೂ ಕಾಣುವಂತೆ ತೂಗುಹಾಕಿದ್ದೇನೆ.

ಅದರ ಆಯುಸ್ಸು 12 ತಿಂಗಳು. ಪ್ರತಿವರ್ಷವೂ ಹೊಸದಾಗಿ ಬರೆಯಬೇಕು. ಅಷ್ಟರಲ್ಲಿ ಹೆಸರುಗಳೂ ಬದಲಾಗುತ್ತವೆ: 'ಕನ್ವರ್ಷನ್' ಎಂದು ನಾನು ಕಲಿತದ್ದು 2024ರಲ್ಲಿ 'ಕೀ ಈವೆಂಟ್' ಆಯಿತು. ಆದಕಾರಣ ಹಳೆಯ ಪ್ರಶ್ನೋತ್ತರಗಳ ಕಟ್ಟನ್ನು ಯಾರಿಂದಲೂ ಎರವಲು ಪಡೆಯಬೇಡಿರಿ. ಇಷ್ಟಾದರೂ ಹಣ ಕಟ್ಟಿಯೇ ಕಲಿಯುವೆವೆಂಬ ಹಟವುಳ್ಳವರು, ಕಟ್ಟುವ ಮುನ್ನ, ಒಂದು ಪ್ರಾಪರ್ಟಿಗೆ ಎಷ್ಟು ವ್ಯೂಗಳೆಂದು ಬೋಧಕರನ್ನು ಕೇಳಿರಿ. ಜಿಎ4ರಲ್ಲಿ ವ್ಯೂಗಳೇ ಇಲ್ಲವೆಂದರೆ ಕುಳಿತುಕೊಳ್ಳಬಹುದು. ಇಪ್ಪತ್ತೈದು ಎಂದರೆ, ಹಣವನ್ನು ಜೇಬಿನಲ್ಲಿಯೇ ಇಟ್ಟುಕೊಂಡು ಮುಂದಿನ ಬಸ್ಸಿಗೆ ಮನೆಗೆ ಹಿಂದಿರುಗಿರಿ.