ಓದಲು ತಡವರಿಸುವ ಮಗುವಿಗೆ ಮೊಬೈಲ್ ನೆರವಾಗಬಲ್ಲದೇ?



"ಕೇಳಿದ್ದನ್ನೆಲ್ಲ ಬಾಯಲ್ಲಿ ಪಟಪಟನೆ ಹೇಳುತ್ತಾನೆ, ಪುಸ್ತಕ ಕೈಗೆ ಕೊಟ್ಟರೆ ಮಾತೇ ಹೊರಡುವುದಿಲ್ಲ." ಮಕ್ಕಳ ವಿಭಾಗಕ್ಕೆ ಬರುವ ಅನೇಕ ತಾಯಂದಿರ ದೂರು ಇದು. ಇಂತಹ ಮಗು ದಡ್ಡನೂ ಅಲ್ಲ, ಸೋಮಾರಿಯೂ ಅಲ್ಲ. ಬುದ್ಧಿ ಚೆನ್ನಾಗಿಯೇ ಇದ್ದು, ಅಕ್ಷರವನ್ನು ಅದರ ಧ್ವನಿಯೊಂದಿಗೆ ಜೋಡಿಸುವ ಕೆಲಸ ಮಾತ್ರ ಮಿದುಳಿಗೆ ಕಷ್ಟವಾಗುವುದಕ್ಕೆ ಡಿಸ್ಲೆಕ್ಸಿಯಾ ಎನ್ನುತ್ತಾರೆ. ಒಂದೇ ಮನೆತನದಲ್ಲಿ ಹಲವರಿಗೆ ಇರುವುದೂ ಉಂಟು. ಟಾನಿಕ್‌ನಿಂದ ಇದು ಹೋಗುವುದಿಲ್ಲ, ಹೊಡೆತದಿಂದಂತೂ ಇಲ್ಲವೇ ಇಲ್ಲ.

ಕನ್ನಡ ಓದುವಾಗ ಈ ಮಕ್ಕಳು ಒತ್ತಕ್ಷರ ಬಿಡುತ್ತಾರೆ, ದೀರ್ಘವನ್ನು ಹ್ರಸ್ವ ಮಾಡುತ್ತಾರೆ, ಪ-ಷ, ಬ-ಭ ಅಕ್ಷರಗಳಲ್ಲಿ ಎಡವುತ್ತಾರೆ. ಒಂದನೇ ತರಗತಿಯಲ್ಲಿ ಎಲ್ಲ ಮಕ್ಕಳೂ ಹೀಗೆ ತಪ್ಪುವುದು ಸಹಜ. ಮೂರನೇ ತರಗತಿಗೆ ಬಂದರೂ ಸುಧಾರಿಸದಿದ್ದರೆ ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ, ನಂತರ ಮಕ್ಕಳ ಮನಶ್ಶಾಸ್ತ್ರಜ್ಞರಿಗೆ ತೋರಿಸಿ.

ಓದು ಬಾರದ ಮಗುವಿಗೆ ನಷ್ಟವಾಗುವುದು ಓದೊಂದೇ ಅಲ್ಲ. ಕೇಳಿದ್ದರೆ ಸುಲಭವಾಗಿ ತಿಳಿಯಬಹುದಾಗಿದ್ದ ವಿಜ್ಞಾನ, ಸಮಾಜ ಪಾಠಗಳೂ ಕೈತಪ್ಪಿ ಹೋಗುತ್ತವೆ. ಓದು ಬರುವವರೆಗೆ ಅವೆಲ್ಲ ಏಕೆ ಕಾಯಬೇಕು? ಮೊಬೈಲ್‌ನ ಉಪಯೋಗ ಇರುವುದು ಇಲ್ಲಿಯೇ.

ಆಂಡ್ರಾಯ್ಡ್ ಮೊಬೈಲ್‌ನ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ಎಂಬ ಭಾಗವಿದೆ. ಅದರೊಳಗಿನ 'ಸೆಲೆಕ್ಟ್ ಟು ಸ್ಪೀಕ್' ಚಾಲೂ ಮಾಡಿದರೆ ಪರದೆಯ ಮೇಲಿನ ಬರಹವನ್ನು ಮೊಬೈಲ್ ಗಟ್ಟಿಯಾಗಿ ಓದುತ್ತದೆ. ಕನ್ನಡ ಧ್ವನಿಯೂ ಲಭ್ಯವಿದೆ. ವೇಗವನ್ನು ಕಡಿಮೆ ಇಡಿ. ಒಂದು ತೊಡಕು ಹೇಳಿಬಿಡಬೇಕು: ನುಡಿಯಂತಹ ಹಳೆಯ ಫಾಂಟಿನಲ್ಲಿ ತಯಾರಾದ ಕನ್ನಡ ಪಿಡಿಎಫ್‌ಗಳನ್ನು ಕೊಟ್ಟರೆ ಯಂತ್ರ ಏನೇನೋ ಬಡಬಡಿಸುತ್ತದೆ. ಕಣ್ಣಿಗೆ ಕನ್ನಡವಾಗಿ ಕಂಡರೂ ಯಂತ್ರಕ್ಕೆ ಅದು ಕನ್ನಡವಲ್ಲ. ಮೊಬೈಲ್ ಕೆಟ್ಟಿದೆ ಎಂದು ಕೈಬಿಡಬೇಡಿ. ಅಚ್ಚಾದ ಪುಟಕ್ಕೆ ಗೂಗಲ್ ಲೆನ್ಸ್ ಹಿಡಿದರೆ ಬಹುಮಟ್ಟಿಗೆ ಸರಿಯಾದ ಅಕ್ಷರಗಳು ಸಿಗುತ್ತವೆ, ಅವನ್ನು ಓದಿಸಿ.

ಇದೂ ಕಷ್ಟವೆನಿಸಿದರೆ ಅಕ್ಕನೋ ಅಣ್ಣನೋ ಪಾಠವನ್ನು ನಿಧಾನವಾಗಿ ಓದಿ ರೆಕಾರ್ಡ್ ಮಾಡಿಕೊಡಲಿ. ನಮಗಂತೂ ಯಂತ್ರದ ಧ್ವನಿಗಿಂತ ಇದೇ ಮೇಲೆನಿಸುತ್ತದೆ. ಎರಡರಲ್ಲಿ ಯಾವುದಾದರೂ ಸರಿ, ಕೇಳುವಾಗ ಮಗುವಿನ ಬೆರಳು ಪುಸ್ತಕದ ಸಾಲಿನ ಮೇಲೆ ಸರಿಯುತ್ತಿರಬೇಕು. ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್‌ನಲ್ಲಿ ಸಣ್ಣ ವಾಕ್ಯಗಳ ಕನ್ನಡ ಕಥೆಗಳು ಉಚಿತವಾಗಿ ಸಿಗುತ್ತವೆ. ಅಭ್ಯಾಸಕ್ಕೆ ಮೊದಲ ಹಂತದ ಕಥೆಗಳನ್ನೇ ಆರಿಸಿ, ಮಗು ಮೇಲಿನ ತರಗತಿಯಲ್ಲಿದ್ದರೂ ಸಂಕೋಚ ಬೇಡ.

ಬರೆಯಲು ಕಷ್ಟಪಡುವ ಮಗು ಕೀಲಿಮಣೆಯ ಮೈಕ್ ಗುರುತನ್ನು ಒತ್ತಿ ಉತ್ತರವನ್ನು ಕನ್ನಡದಲ್ಲಿಯೇ ಹೇಳಬಹುದು, ಅಕ್ಷರಗಳು ತಾವಾಗಿ ಮೂಡುತ್ತವೆ. ತಪ್ಪುಗಳಿದ್ದರೆ ಜೊತೆಗೆ ಕುಳಿತು ತಿದ್ದಿ.

ಇಷ್ಟಾದರೂ ಮೊಬೈಲ್ ಓದು ಕಲಿಸಿಬಿಡುವುದಿಲ್ಲ. ಕಾಲು ನೋವಿದ್ದವರಿಗೆ ಊರುಗೋಲು ಇದ್ದಂತೆ ಅದು. ಓದು ಬರಬೇಕಾದರೆ ತರಬೇತಿ ಪಡೆದ ಶಿಕ್ಷಕರು ಧ್ವನಿ, ಅಕ್ಷರ, ಕಾಗುಣಿತ, ಒತ್ತಕ್ಷರ ಎಂದು ಹಂತಹಂತವಾಗಿ, ತಿಂಗಳುಗಟ್ಟಲೆ ಕಲಿಸಬೇಕು. ಬಣ್ಣದ ಕನ್ನಡಕ, ವಿಶೇಷ ಫಾಂಟು ಎಂದು ಮಾರುವವರಿಗೆ ಹಣ ಕೊಡುವ ಮುನ್ನ ವೈದ್ಯರನ್ನು ಕೇಳಿ. ಅವುಗಳಿಂದ ಓದು ಸುಧಾರಿಸುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಪಾಠ ಕೇಳುವಾಗ ಇಂಟರ್‌ನೆಟ್ ಬಂದ್ ಇಡಿ, ಇಲ್ಲದಿದ್ದರೆ ಪಾಠ ವಿಡಿಯೋ ಆಗಲು ಎರಡು ನಿಮಿಷ ಸಾಕು!

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ನ್ಯೂನತೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ. ಪ್ರಮಾಣಪತ್ರವಿದ್ದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಮತ್ತು ಬರಹಗಾರರ ನೆರವು ಕೇಳಬಹುದು. ಆದರೆ ಪರೀಕ್ಷಾ ಕೊಠಡಿಯೊಳಗೆ ಮೊಬೈಲ್ ಬರುವುದಿಲ್ಲ. ಆದ್ದರಿಂದ ಒಂಬತ್ತನೇ ತರಗತಿಯಿಂದಲೇ ಮಗು ಉತ್ತರ ಹೇಳುವುದು, ಇನ್ನೊಬ್ಬರು ಬರೆದುಕೊಳ್ಳುವುದು ರೂಢಿಯಾಗಲಿ. ಅರ್ಜಿಯ ಬಗ್ಗೆ ಶಾಲೆಯ ಮುಖ್ಯೋಪಾಧ್ಯಾಯರನ್ನು ಮೊದಲೇ ವಿಚಾರಿಸಿ. ತಪಾಸಣೆಗೆ ಬರುವಾಗ ಮಗುವಿನ ನೋಟುಪುಸ್ತಕಗಳನ್ನು, ಕಳೆದ ಎರಡು ವರ್ಷಗಳ ಅಂಕಪಟ್ಟಿಯನ್ನು ತಪ್ಪದೇ ತನ್ನಿ.